ಹೊಸ್ತಿಲು ದಾಟಿಸುವ ಫೋಟೋಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ, ಎಂ.ಎ., ಎಂ.ಎಸ್ಸಿ. ಎಂದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೊರಟಾಗ ಅವರಿಗೆ ದಾರಿ ಹೇಳುವವರಿಗೆ ಬರವಿಲ್ಲ. ಶಿವಮೊಗ್ಗದಲ್ಲಿ ಎಲ್ಲಿ ನಿಂತು ಬಸ್ಸು ಹಿಡಿಯಬೇಕು, ಹಾಸ್ಟೆಲ್ ಅರ್ಜಿಗೆ ಯಾವ ಯಾವ ಸರ್ಟಿಫಿಕೇಟು ಲಗತ್ತಿಸಬೇಕು, ಮೆಸ್ಸಿನ ಊಟ ಹೇಗೆ ಎಂಬುದನ್ನೆಲ್ಲ ಸೀನಿಯರುಗಳು ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ಡಿಪಾರ್ಟ್‌ಮೆಂಟಿಗೆ ಮೊದಲ ದಿನ ಯಾರಾದರೊಬ್ಬರು ಕರೆದುಕೊಂಡು ಹೋಗುತ್ತಾರೆ. ಲೈಬ್ರರಿಯ ಸರದಿ ಬಂದಾಗ ಮಾತ್ರ, "ಅಲ್ಲಿ ಕಾಣ್ತದಲ್ಲ, ಅದೇ" ಎಂದು ದೂರದಿಂದ ಕೈ ತೋರಿಸಿ ಮುಂದೆ ನಡೆಯುತ್ತಾರೆ.

ಹೀಗೆ ದೂರದಿಂದ ನೋಡಿ ಸುಮ್ಮನಾದವರಲ್ಲಿ ಎಷ್ಟೋ ಮಂದಿ ಮೊದಲ ಸೆಮಿಸ್ಟರನ್ನು ನೋಟ್ಸು ಮತ್ತು ಝೆರಾಕ್ಸಿನಲ್ಲೇ ದಾಟಿಸುತ್ತಾರೆ. ಎರಡು ವರ್ಷದ ಓದಿನಲ್ಲಿ ಆರು ತಿಂಗಳು ಹೋಯಿತೆಂದರೆ ಅದು ಸಣ್ಣ ನಷ್ಟವಲ್ಲ. ಸಾಗರದಲ್ಲಿ ಪಾಠ ಹೇಳುತ್ತ, ರಜೆಯಲ್ಲಿ ಕ್ಯಾಮರಾ ಹೆಗಲಿಗೇರಿಸಿ ತಿರುಗುವ ನನಗೆ, ಈ ನಷ್ಟ ತಪ್ಪಿಸಲು ಕೈಲಾಗುವ ಕೆಲಸ ಒಂದಿದೆ ಅನ್ನಿಸಿತು. ಯೂನಿವರ್ಸಿಟಿ ಲೈಬ್ರರಿಯ ಬಾಗಿಲಿನಿಂದ ಹಿಡಿದು ಪುಸ್ತಕ ಕೈಗೆ ಬರುವವರೆಗಿನ ದಾರಿಯನ್ನು ಹೆಜ್ಜೆಹೆಜ್ಜೆಗೂ ಫೋಟೋ ತೆಗೆಯುವುದು, ಒಂದೊಂದಕ್ಕೂ ಕನ್ನಡದಲ್ಲಿ ಎರಡೆರಡು ಸಾಲು ಬರೆಯುವುದು, ಊರಿನಲ್ಲಿ ಕೂತೇ ಮೊಬೈಲಿನಲ್ಲಿ ನೋಡುವಂತೆ ಅಂತರ್ಜಾಲದಲ್ಲಿ ಜೋಡಿಸಿಡುವುದು. ಅನುಮತಿ ಕೇಳಿದೆ, ಸಿಕ್ಕಿತು.

ನಮ್ಮ ಮೂರು ತಾಲ್ಲೂಕುಗಳಿಗೆ ಇಂಥದ್ದೊಂದು ಯಾಕೆ ಬೇಕು ಎಂಬುದು ನಕಾಶೆ ನೋಡಿದರೆ ಗೊತ್ತಾಗುತ್ತದೆ. ಕುವೆಂಪು ವಿಶ್ವವಿದ್ಯಾಲಯ ಶುರುವಾದದ್ದು 1987ರಲ್ಲಿ. ಅದರ ಜ್ಞಾನಸಹ್ಯಾದ್ರಿ ಆವರಣ ಇರುವುದು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಅಣೆಕಟ್ಟೆಯ ಕಡೆಗೆ. ಸಾಗರದವರು ಆನಂದಪುರ, ಕುಂಸಿ, ಆಯನೂರು ದಾಟಿ ಸುಮಾರು 70 ಕಿಲೋಮೀಟರು ಬಂದು ಶಿವಮೊಗ್ಗ ಮುಟ್ಟಬೇಕು. ಹೊಸನಗರದವರು ರಿಪ್ಪನ್‌ಪೇಟೆಯ ಮೇಲೆ ಬರುತ್ತಾರೆ. ತೀರ್ಥಹಳ್ಳಿಯವರು ಮಂಡಗದ್ದೆ, ಗಾಜನೂರಿನ ಮೇಲೆ ತುಂಗೆಯ ಜೊತೆಜೊತೆಗೇ ಇಳಿದು ಬರುತ್ತಾರೆ. ಶಿವಮೊಗ್ಗದಿಂದ ಮುಂದಕ್ಕೂ ಇನ್ನೊಂದು ಬಸ್ಸಿನ ದಾರಿಯಿದೆ. ಶಿವಮೊಗ್ಗ ಪೇಟೆಯ ಹುಡುಗನಿಗೆ ಅಡ್ಮಿಶನ್ನಿಗೆ ಮೊದಲೇ ಒಂದು ಸಲ ಹೋಗಿ ಇಣುಕಿ ಬರಲು ಸಾಧ್ಯ. ನಿಟ್ಟೂರಿನ ಹುಡುಗಿಗೋ ಆಗುಂಬೆ ಬದಿಯ ಹುಡುಗನಿಗೋ ಅದು ಇಡೀ ದಿನದ ಪ್ರಯಾಣ, ಮನೆಯಲ್ಲಿ ಕೇಳಿ ಹಣ ಪಡೆಯಬೇಕಾದ ಪ್ರಯಾಣ. ನೋಡದೆ ಇದ್ದ ಜಾಗದ ಬಗ್ಗೆ ಅಳುಕು ಬೆಳೆಯುವುದು ಹೀಗೆ.

ಕ್ಯಾಮರಾ ಹೊರತೆಗೆಯುವ ಮೊದಲು ಆ ಅಳುಕು ಏನೆಂದು ತಿಳಿಯಬೇಕಿತ್ತು. ಕೊನೆಯ ವರ್ಷದ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ, ದೊಡ್ಡ ಲೈಬ್ರರಿಯ ಬಗ್ಗೆ ಕೇಳಬೇಕೆನ್ನಿಸಿದ್ದನ್ನು ಬರೆಯಿರಿ ಎಂದೆ. ಪುಸ್ತಕಗಳೆಷ್ಟಿವೆ, ಕಟ್ಟಡ ಯಾವಾಗ ಕಟ್ಟಿದ್ದು ಎಂದು ಯಾರೂ ಕೇಳಿರಲಿಲ್ಲ. ಚಪ್ಪಲಿ ಹೊರಗೆ ಬಿಡಬೇಕಾ? ಚೀಲ ಎಲ್ಲಿಡುವುದು, ಅದರಲ್ಲಿ ದುಡ್ಡಿದ್ದರೆ? ಪುಸ್ತಕ ನಾವೇ ತೆಗೆಯಬಹುದಾ, ಅವರೇ ತೆಗೆದುಕೊಡಬೇಕಾ? ಇಂಗ್ಲಿಷಿನಲ್ಲಿ ಕೇಳಬೇಕಾ? ತೆಗೆದ ಪುಸ್ತಕವನ್ನು ಬೇರೆ ಜಾಗದಲ್ಲಿಟ್ಟರೆ ದಂಡ ಹಾಕುತ್ತಾರಾ? ಸುಮ್ಮನೆ ಕೂತು ಓದಲು ಬಿಡುತ್ತಾರಾ? ಕುಡಿಯುವ ನೀರು ಎಲ್ಲಿ? ಹೊಸನಗರ ಕಡೆಯ ಹುಡುಗಿಯೊಬ್ಬಳು ಚೀಟಿ ಕೊಟ್ಟಮೇಲೂ ಹಿಂದೆ ಉಳಿದು ಮೆಲ್ಲಗೆ ಕೇಳಿದಳು: "ಸರ್, ಒಳಗೆ ಹೋದ ತಕ್ಷಣ ಎಂತ ಕೇಳ್ತಾರೆ? ಎಂತ ಹೇಳ್ಬೇಕು?"

ಯಾವ ಫೋಟೋ ತೆಗೆಯಬೇಕು ಎಂಬ ಪಟ್ಟಿ ಅಲ್ಲಿಗೆ ಸಿದ್ಧವಾಯಿತು. ಒಂದೊಂದು ಪ್ರಶ್ನೆಗೂ ಒಂದು ಫೋಟೋ ಉತ್ತರವಾಗಬೇಕು. ಉತ್ತರ ಕೊಡದ ಫೋಟೋ ಎಷ್ಟೇ ಚೆಂದವಿರಲಿ, ಅದಕ್ಕೆ ಅಲ್ಲಿ ಜಾಗವಿಲ್ಲ.

ಈ ಕಟ್ಟುನಿಟ್ಟು ಮೊದಲ ಫೋಟೋದಿಂದಲೇ ಬೇಕಾಗುತ್ತದೆ. ಲೈಬ್ರರಿಗಳ ಹೆಸರಾಂತ ಚಿತ್ರಗಳನ್ನು ನೆನೆಯಿರಿ. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಹಳೆಯ ಲೈಬ್ರರಿಯ ಉದ್ದನೆಯ ಹಜಾರ, ಕಮಾನಿನ ಮರದ ಚಾವಣಿ, ಎರಡೂ ಬದಿಗೆ ಎತ್ತರದ ಕಪಾಟುಗಳು. ನೋಡಿದವರು ಬೆರಗಾಗುತ್ತಾರೆ. ಬೆರಗು ಬಂದಲ್ಲಿ ಕಾಲು ನಿಲ್ಲುತ್ತದೆ. ನಮ್ಮ ಮಕ್ಕಳಿಗೆ ಬೇಕಾದದ್ದು ಕಾಲು ಮುಂದಿಡುವ ಧೈರ್ಯ. ಆದ್ದರಿಂದ ಕಟ್ಟಡದ ಮುಂಭಾಗವನ್ನು ಎತ್ತರದಿಂದಲೋ ತೋಟದ ಹೂವಿನ ನಡುವಿನಿಂದಲೋ ತೆಗೆಯದೆ, ನಡೆದು ಬರುವವರ ಕಣ್ಣಿಗೆ ಕಾಣುವ ಎತ್ತರದಲ್ಲಿ, ಮೆಟ್ಟಿಲಿನ ಬುಡದಲ್ಲಿ ನಿಂತು ತೆಗೆದೆ. ಬಾಗಿಲು ತೆರೆದಿರಬೇಕು, ಒಳಗೆ ದೀಪ ಉರಿಯುತ್ತಿರುವುದು ಕಾಣಬೇಕು. ಮುಂದಿನ ಫೋಟೋ ಅದೇ ಬಾಗಿಲಿನ ಒಳಗಿನಿಂದ, ಅದರ ಮುಂದಿನದು ಚೀಲ ಇಡುವ ಕಪಾಟಿನ ಎದುರಿನಿಂದ. ನೋಡುವವರಿಗೆ ತಾವೇ ನಡೆಯುತ್ತಿರುವಂತೆ ಆಗಬೇಕು. ಒಂದು ಚಿತ್ರದ ಅಂಚಿನಲ್ಲಿ ಕಂಡ ಕಂಬವೋ ಮೇಜೋ ಮುಂದಿನ ಚಿತ್ರದ ನಡುವಿಗೆ ಬಂದರೆ ಎಲ್ಲಿಂದ ಎಲ್ಲಿಗೆ ಬಂದೆವೆಂದು ಯಾರೂ ಹೇಳಿಕೊಡಬೇಕಿಲ್ಲ.

ಚೀಲ ಎಲ್ಲಿಡುವುದು ಎಂಬುದು ಪಟ್ಟಿಯ ಮೊದಲ ಪ್ರಶ್ನೆಗಳಲ್ಲೊಂದಾಗಿತ್ತು. ಹಾಗಾಗಿ ಅದಕ್ಕೆ ಎರಡು ಫೋಟೋ ಕೊಟ್ಟೆ. ಒಂದರಲ್ಲಿ ಖಾನೆಗಳ ಸಾಲು. ಇನ್ನೊಂದರಲ್ಲಿ ಬ್ಯಾಗಿನಿಂದ ಹೊರತೆಗೆದು ಮೇಜಿನ ಮೇಲೆ ಇಟ್ಟ ನೋಟ್‌ಬುಕ್ಕು, ಪೆನ್ನು, ಪರ್ಸು, ಮೊಬೈಲು. ಕೆಳಗೆ ಬರೆದದ್ದು ಇಷ್ಟೇ: "ಇವಿಷ್ಟು ನಿಮ್ಮ ಕೈಯಲ್ಲಿರಲಿ, ಉಳಿದದ್ದು ಖಾನೆಯಲ್ಲಿ." ದುಡ್ಡಿನ ಚಿಂತೆಗೂ ಉತ್ತರ ಬಂತು, ಉದ್ದನೆಯ ಸೂಚನೆಯ ಹಂಗೂ ತಪ್ಪಿತು.

ಪುಸ್ತಕ ಹುಡುಕುವ ಭಾಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಯಿತು. ಬಿಡಿಸಿ ತೋರಿಸಬೇಕಾದದ್ದು ಇದನ್ನೇ. ಎಲ್ಲರಿಗೂ ಹೆಸರು ಗೊತ್ತಿರುವ ಪುಸ್ತಕವೊಂದನ್ನು ಆರಿಸಿಕೊಂಡೆ: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಪುಸ್ತಕದ ಹೆಸರು ಹುಡುಕುವ ಕಂಪ್ಯೂಟರಿನಲ್ಲಿ ಅದನ್ನು ಬರೆದಾಗ ಬರುವ ಪರದೆ ಮೊದಲ ಚಿತ್ರ. ಆ ಪರದೆಯಲ್ಲಿರುವ ಕಾಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳುವ ಕೈ ಎರಡನೆಯದು. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ವಿಂಗಡಿಸುವ ಡ್ಯೂಯಿ ಪದ್ಧತಿಯಲ್ಲಿ 8 ಎಂದರೆ ಸಾಹಿತ್ಯ. ಅದರೊಳಗೆ ಕನ್ನಡ ಸಾಹಿತ್ಯಕ್ಕೆ 894.814. ಈ ಒಂದು ಸಂಖ್ಯೆ ಗೊತ್ತಾದರೆ ಕನ್ನಡ ಎಂ.ಎ. ಓದುವವರಿಗೆ ಅರ್ಧ ಲೈಬ್ರರಿ ಪರಿಚಯವಾದ ಹಾಗೆ. ಮೂರನೆಯ ಚಿತ್ರದಲ್ಲಿ ರ‍್ಯಾಕಿನ ತುದಿಗೆ ಹಚ್ಚಿದ ಸಂಖ್ಯೆಗಳ ಪಟ್ಟಿ, ಇಲ್ಲಿಂದ ಇಲ್ಲಿಯವರೆಗೆ ಎಂದು. ನಾಲ್ಕನೆಯದರಲ್ಲಿ ರ‍್ಯಾಕಿನ ಒಂದು ಸಾಲು. ಐದನೆಯದು ಪುಸ್ತಕದ ಬೆನ್ನಿನ ಕೆಳಗೆ ಅಂಟಿಸಿದ ಸಣ್ಣ ಬಿಳಿ ಚೀಟಿ, ತೀರಾ ಹತ್ತಿರದಿಂದ. ಪರದೆ, ಚೀಟಿ, ರ‍್ಯಾಕು, ಬೆನ್ನು ಎಲ್ಲದರಲ್ಲೂ ಅದೇ ಸಂಖ್ಯೆ ಕಾಣಿಸುತ್ತದೆ. ದಾರಿ ತಪ್ಪಲು ಎಡೆಯೇ ಇಲ್ಲ. ಕೊನೆಗೆ ಓದುವ ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳ ಫೋಟೋ ಒಂದು. ಓದಿದ ಪುಸ್ತಕವನ್ನು ರ‍್ಯಾಕಿಗೆ ನೀವೇ ಸೇರಿಸಲು ಹೋಗಬೇಡಿ, ಇಲ್ಲೇ ಬಿಡಿ, ಜಾಗಕ್ಕೆ ಸೇರಿಸುವುದು ಸಿಬ್ಬಂದಿಯ ಕೆಲಸ ಎಂದು ಬರೆದೆ. ದಂಡದ ಭಯ ಬರೆದ ಮಗುವಿಗೆ ಅದು ಉತ್ತರ.

ಪುಸ್ತಕವನ್ನು ಓದುಗ ತಾನೇ ಮುಟ್ಟಿ ತೆಗೆಯಬಹುದು ಎಂಬುದು ಇವತ್ತು ಸಹಜವಾಗಿ ಕಾಣುತ್ತದೆ. ಅದಕ್ಕಾಗಿ ವಾದ ಮಾಡಿದವರಿದ್ದಾರೆ. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲರಾದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪುಸ್ತಕವಾಗಿ ಹೊರತಂದರು. ಪುಸ್ತಕ ಇರುವುದು ಬಳಕೆಗೆ, ಓದುಗನ ಹೊತ್ತು ಹಾಳಾಗಬಾರದು ಎಂಬ ಮಾತುಗಳು ಗ್ರಂಥಪಾಲರಿಗೆಲ್ಲ ಬಾಯಿಪಾಠವಾದದ್ದು ಅವರಿಂದ. ಕಪಾಟಿಗೆ ಬೀಗ ಹಾಕಿ ಕಾಯುವುದಕ್ಕಿಂತ ಓದುಗನನ್ನು ಕಪಾಟಿನ ಮುಂದೆ ನಿಲ್ಲಿಸುವುದು ಮುಖ್ಯ ಎಂದು ನಂಬಿದವರು ಅವರು. ಗಣಿತದ ಮೇಷ್ಟರಾಗಿದ್ದ ಅವರು ಬದುಕಿನ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಓದುಗನ ಹೊತ್ತು ಉಳಿಸಬೇಕೆಂಬ ಅವರ ಸೂತ್ರ ಲೈಬ್ರರಿಯ ಬಾಗಿಲಲ್ಲಿ ಶುರುವಾಗುತ್ತದೆ ಎಂದುಕೊಂಡರೆ ಸಾಲದು. ಹೊಸನಗರದ ಬಸ್‌ಸ್ಟ್ಯಾಂಡಿನಲ್ಲೇ ಅದು ಶುರುವಾಗಬೇಕು.

ಫೋಟೋ ತೆಗೆಯುವ ಕೆಲಸದಲ್ಲಿ ಬೆಳಕಿನದೇ ದೊಡ್ಡ ಲೆಕ್ಕ. ಕಿಟಕಿಯ ಬೆಳಕು ನೀಲಿ, ಟ್ಯೂಬ್‌ಲೈಟಿನದು ತುಸು ಹಸಿರು. ಎರಡೂ ಬೆರೆತಲ್ಲಿ ಹಾಳೆಯ ಬಣ್ಣ ಕೆಡುತ್ತದೆ. ಚೋಕು ಇರುವ ಹಳೆಯ ಟ್ಯೂಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಅದು ತಿಳಿಯುವುದಿಲ್ಲ. ಶಟರ್ ವೇಗ ಹೆಚ್ಚಿಟ್ಟರೆ ಚಿತ್ರದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬೀಳುತ್ತವೆ. ಐವತ್ತರಲ್ಲೊಂದು ಅಥವಾ ನೂರರಲ್ಲೊಂದು ಸೆಕೆಂಡಿಗೆ ಇಟ್ಟು, ಕ್ಯಾಮರಾವನ್ನು ಟ್ರೈಪಾಡಿಗೆ ಕೂರಿಸಿದರೆ ಬೆಳಕು ಸಮನಾಗುತ್ತದೆ. ಫ್ಲ್ಯಾಶ್ ಹಾಕಿದರೆ ಲ್ಯಾಮಿನೇಟ್ ಮಾಡಿದ ರಟ್ಟುಗಳೆಲ್ಲ ಬೆಳ್ಳಗೆ ಹೊಳೆದು ಹೆಸರೇ ಕಾಣುವುದಿಲ್ಲ. ಕ್ಯಾಮರಾ ಸ್ವಲ್ಪ ಮೇಲಕ್ಕೆ ಬಾಗಿದರೂ ರ‍್ಯಾಕುಗಳು ಒಳಕ್ಕೆ ವಾಲಿದಂತೆ ಬೀಳುತ್ತವೆ. ನೋಡುವವರಿಗೆ ಜಾಗ ಇಕ್ಕಟ್ಟೆನಿಸುತ್ತದೆ. ಮಟ್ಟ ಸರಿಯಾಗಿಟ್ಟರೆ ಅದೇ ಜಾಗ ಉಸಿರಾಡುವಷ್ಟು ವಿಶಾಲವಾಗಿ ಕಾಣುತ್ತದೆ. ಇಂಥ ಸಣ್ಣ ಸಂಗತಿಗಳ ಮೇಲೆ ಒಬ್ಬ ವಿದ್ಯಾರ್ಥಿಯ ಅಳುಕು ಹೆಚ್ಚುವುದೋ ಕಡಿಮೆಯಾಗುವುದೋ ನಿಂತಿದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ತಾಳ್ಮೆ ತಾನಾಗಿ ಬರುತ್ತದೆ.

ಓದುತ್ತ ಕೂತವರ ಫೋಟೋ ಇನ್ನೂ ಸೂಕ್ಷ್ಮದ ವಿಷಯ. ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಫೋಟೋ ತೆಗೆದವರು. ಹಕ್ಕಿ ತನ್ನ ಪಾಡಿಗೆ ತಾನಿರುವಾಗ ತೆಗೆದರೆ ಮಾತ್ರ ಅದು ಹಕ್ಕಿಯ ಚಿತ್ರ ಎಂಬುದು ಅವರ ಚಿತ್ರಗಳನ್ನು ನೋಡಿದ ಯಾರಿಗಾದರೂ ತಿಳಿಯುತ್ತದೆ. ಓದುಗರ ವಿಷಯದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಬೇಕು. ಅವರನ್ನು ಕೇಳದೆ ತೆಗೆಯಬಾರದು. ಮೊದಲು ಹೋಗಿ ಕೇಳಿ, ಒಪ್ಪಿದವರು ಮತ್ತೆ ಓದಿನಲ್ಲಿ ಮುಳುಗುವವರೆಗೆ ಕಾದು, ಹೆಚ್ಚಾಗಿ ಹಿಂದಿನಿಂದಲೋ ಬದಿಯಿಂದಲೋ ತೆಗೆದೆ. ಬಾಗಿಲಲ್ಲಿ ಸಹಿ ಮಾಡುವ ರಿಜಿಸ್ಟರನ್ನು ತೆಗೆಯುವಾಗ ಖಾಲಿ ಹಾಳೆ ತೆರೆದಿಟ್ಟೆ. ಬರೆದ ಹಾಳೆಯಲ್ಲಿ ಹೆಸರು, ಫೋನ್ ನಂಬರುಗಳಿರುತ್ತವೆ. ಹೆಣ್ಣುಮಕ್ಕಳ ನಂಬರು ಅಂತರ್ಜಾಲಕ್ಕೆ ಹೋದರೆ ಮುಂದಿನ ತೊಂದರೆಗೆ ಕೊನೆಯಿಲ್ಲ.

ಫೋಟೋ ತೆಗೆದರೆ ಕೆಲಸ ಅರ್ಧವಾಯಿತು. ನೋಡುವವರ ಮೊಬೈಲಿಗೆ ಅವು ಮುಟ್ಟಬೇಕು. ಮಳೆಗಾಲದ ನಾಲ್ಕು ತಿಂಗಳು ನಗರ, ಹುಲಿಕಲ್ ಬದಿಯಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಮರದಡಿ ಛತ್ರಿ ಹಿಡಿದು ನಿಲ್ಲುವ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ. ಸುತ್ತಲೂ ತಿರುಗಿಸಿ ನೋಡುವ 360 ಡಿಗ್ರಿ ಚಿತ್ರ ಬೆಂಗಳೂರಿನಲ್ಲಿ ಚೆಂದ. ಗುಡ್ಡದ ಮೇಲೆ ಅದು ತೆರೆಯುವುದೇ ಇಲ್ಲ. ಆದ್ದರಿಂದ ಎಲ್ಲವೂ ಬಿಡಿ ಫೋಟೋಗಳು, ಒಂದೊಂದನ್ನೂ ನೂರೈವತ್ತು ಕೆಬಿ ಒಳಗೆ ಇಳಿಸಿದವು. ಬರಹವೆಲ್ಲ ಯೂನಿಕೋಡ್ ಕನ್ನಡದಲ್ಲಿ. ಹಾಗಿದ್ದರೆ ಹುಡುಕಿದಾಗ ಸಿಗುತ್ತದೆ, ಯಾವ ಫೋನಿನಲ್ಲೂ ಅಕ್ಷರ ಕೆಡುವುದಿಲ್ಲ. ಪ್ರತಿ ಫೋಟೋದ ಹಿಂದೆ ಅದರಲ್ಲಿ ಏನಿದೆ ಎಂಬ ವಿವರಣೆ ಸೇರಿಸಿದೆ. ಕಣ್ಣು ಕಾಣದ ವಿದ್ಯಾರ್ಥಿಯ ಫೋನು ಅದನ್ನು ಓದಿ ಹೇಳುತ್ತದೆ: ಬಾಗಿಲು ದಾಟಿದರೆ ಎಡಕ್ಕೆ ಖಾನೆ, ನೇರಕ್ಕೆ ಕೌಂಟರು. ಕಣ್ಣಿದ್ದವರಿಗಿಂತ ಹೆಚ್ಚು ಉಪಯೋಗ ಆಗುವುದು ಈ ವಿವರಣೆಯಿಂದ ಅವರಿಗೇ ಇರಬಹುದು.

ಇಷ್ಟೆಲ್ಲ ಜೋಡಿಸುತ್ತಿದ್ದಾಗ ಒಂದು ಯೋಚನೆ ಬಿಡದೆ ಕಾಡಿತು. ಮಲೆನಾಡಿನ ಮಕ್ಕಳಿಗೆ ಪುಸ್ತಕದ ಮನೆ ಹೊಸತು ಎಂಬಂತೆ ನಾವೇ ಯಾಕೆ ನಡೆದುಕೊಳ್ಳುತ್ತೇವೆ? ಸಾಗರದ ಪಕ್ಕದ ಕೆಳದಿಯನ್ನೇ ನೋಡಿ. ಇತಿಹಾಸಕಾರ ಕೆಳದಿ ಗುಂಡಾ ಜೋಯಿಸರು ಅಲ್ಲಿ ವಸ್ತುಸಂಗ್ರಹಾಲಯ ಕಟ್ಟಿ ಓಲೆಗರಿಗಳನ್ನು, ಕಾಗದ ಪತ್ರಗಳನ್ನು ಕಾಪಾಡಿದರು. ತಿಗಳಾರಿ ಲಿಪಿಯ ಓಲೆಗಳೂ ಅಲ್ಲಿವೆ. ಓಲೆಯ ಮೇಲೆ ಬರೆದದ್ದೆಂದರೆ ಕಂಠ ಎಂಬ ಲೋಹದ ಲೇಖನಿಯಿಂದ ಕೊರೆದದ್ದು. ಮಸಿ ಸವರಿದರೆ ಗೀರಿನೊಳಗೆ ಕಪ್ಪು ಕೂತು ಅಕ್ಷರ ಏಳುತ್ತದೆ. ಮಸಿ ಮಾಸಿದ ಓಲೆಯನ್ನು ನೇರ ಬೆಳಕಿನಲ್ಲಿ ತೆಗೆದರೆ ಬರೀ ಕಂದು ಪಟ್ಟಿ. ದೀಪವನ್ನು ಬದಿಗೆ, ಓಲೆಯ ಮಟ್ಟಕ್ಕೇ ತಂದು ಹಿಡಿದರೆ ಒಂದೊಂದು ಗೀರಿನ ಅಂಚಿಗೂ ಸಣ್ಣ ನೆರಳು ಬೀಳುತ್ತದೆ. ಕಾಣದಿದ್ದ ಸಾಲು ಸಾಲು ಅಕ್ಷರ ಎದ್ದು ನಿಲ್ಲುತ್ತವೆ. ಮೂರು ತಾಲ್ಲೂಕಿನ ಓದಿನ ಚರಿತ್ರೆಯೂ ಹಾಗೆಯೇ ಇದೆ. ಬೆಳಕು ಹಿಡಿಯುವ ಕಡೆಯಿಂದ ಹಿಡಿಯಬೇಕು.

ಕೆಳದಿಯ ಅರಸ ಬಸವಪ್ಪ ನಾಯಕ 1709ರಲ್ಲಿ 'ಶಿವತತ್ವರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದ. ಆಗ ರಾಜಧಾನಿ ಬಿದನೂರು, ಅಂದರೆ ಇವತ್ತಿನ ಹೊಸನಗರ ತಾಲ್ಲೂಕಿನ ನಗರ. ಗ್ರಂಥದ ದೊಡ್ಡ ಭಾಗಗಳಿಗೆ ಕಲ್ಲೋಲ, ಒಳಭಾಗಗಳಿಗೆ ತರಂಗ ಎಂದು ಹೆಸರಿಟ್ಟು, ಬೇಕಾದ ವಿಷಯ ಎಲ್ಲಿದೆಯೆಂದು ಓದುಗನಿಗೆ ತಿಳಿಯುವಂತೆ ವಿಂಗಡಿಸಿದ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ನಾಟಕದ ಜೊತೆಗೆ ಪುಸ್ತಕವನ್ನೂ ಹಳ್ಳಿಗೆ ತಂದಿತು. ನೀನಾಸಂ ಜೊತೆಗೆ ಅಕ್ಷರ ಪ್ರಕಾಶನವನ್ನೂ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತೀರ್ಥಹಳ್ಳಿ ತಾಲ್ಲೂಕೊಂದೇ ಇಬ್ಬರು ಕನ್ನಡ ಲೇಖಕರನ್ನು ಕುಲಪತಿಗಳಾಗಿ ಕೊಟ್ಟಿದೆ. ಕುಪ್ಪಳಿಯ ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯ ನಡೆಸಿ ಮಾನಸಗಂಗೋತ್ರಿಯ ಕನಸನ್ನು ನಿಜ ಮಾಡಿದರು. ಮೇಳಿಗೆಯ ಯು.ಆರ್. ಅನಂತಮೂರ್ತಿ ಕೇರಳದ ಕೊಟ್ಟಾಯಂನ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಇಂಥ ನೆಲದಿಂದ ಹೊರಟ ಮಗು ಲೈಬ್ರರಿಯ ಮೆಟ್ಟಿಲ ಬುಡದಲ್ಲಿ ಹಿಂದೇಟು ಹಾಕಬೇಕಾಗಿಲ್ಲ. ಆದ್ದರಿಂದ ಶಂಕರಘಟ್ಟದ ಬಾಗಿಲಿಗೆ ಮುಂಚೆ ಮೂರು ಫೋಟೋ ಸೇರಿಸಿದೆ: ಕೆಳದಿಯ ಓಲೆಗರಿ, ಹೆಗ್ಗೋಡಿನ ಪುಸ್ತಕಗಳು, ಕುಪ್ಪಳಿಯ ಕವಿಮನೆ. ಪ್ರವಾಸ ಅಲ್ಲಿಂದ ಶುರುವಾಗುತ್ತದೆ. ನಿಮ್ಮೂರಿನಿಂದಲೇ ಹೊರಟಿದ್ದೀರಿ ಎಂದು ಅವು ಹೇಳುತ್ತವೆ.

ಕೊನೆಯ ಫೋಟೋ ಯಾವುದಿರಬೇಕೆಂಬುದನ್ನು ನಿರ್ಧರಿಸಿಕೊಟ್ಟವರು ರ‍್ಯಾಕುಗಳ ನಡುವೆ ಪುಸ್ತಕ ಜೋಡಿಸುತ್ತಿದ್ದ ಹಿರಿಯರೊಬ್ಬರು. ಮಕ್ಕಳು ಏನೇನು ಕೇಳುತ್ತಾರೆ ಎಂದು ವಿಚಾರಿಸಿದಾಗ ಅವರು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟರು. "ಕೇಳೋದೇ ಇಲ್ಲ ಸರ್. ಅರ್ಧ ಗಂಟೆ ಹುಡುಕ್ತಾರೆ, ಸಿಗ್ಲಿಲ್ಲ ಅಂದ್ರೆ ಸುಮ್ನೆ ಹೋಗ್ತಾರೆ. ಒಂದು ಮಾತು ಕೇಳಿದ್ರೆ ತೆಗ್ದು ಕೊಡ್ತೀವಿ. ನಾವಿರೋದು ಅದಕ್ಕೇ ಅಲ್ವಾ?" ಹೊಸನಗರದ ಹುಡುಗಿಯ ಪ್ರಶ್ನೆ ನೆನಪಾಯಿತು. ಒಳಗಿನವರು ಏನು ಕೇಳುತ್ತಾರೋ ಎಂದು ಅವಳು ಅಂಜಿದ್ದಳು. ಅವಳೇ ಏನಾದರೂ ಕೇಳಲಿ ಎಂದು ಒಳಗಿನವರು ಕಾಯುತ್ತಿದ್ದರು. ಎರಡು ಕಡೆಯ ಈ ಮೌನವೇ ನಿಜವಾದ ಅಡ್ಡಗೋಡೆ.

ಆದ್ದರಿಂದ ಕೊನೆಯ ಫೋಟೋದಲ್ಲಿ ಕೌಂಟರಿನ ಹಿಂದೆ, ನೋಡುವವರ ಕಡೆಗೇ ಮುಖ ಮಾಡಿ, ಅವರ ಒಪ್ಪಿಗೆಯಿಂದ, ಆ ಹಿರಿಯರು ನಿಂತಿದ್ದಾರೆ. ಕೆಳಗಿನ ಸಾಲಿನಲ್ಲಿ ಹೇಳಬೇಕಾದ ಮಾತನ್ನೇ ಬರೆದಿದೆ: "ಈ ಪುಸ್ತಕ ಬೇಕಿತ್ತು, ಎಲ್ಲಿದೆ ಅಂತ ಹೇಳ್ತೀರಾ?" ಕನ್ನಡದಲ್ಲಿ ಕೇಳಿದರೆ ಸಾಕು.

ಈ ಕೆಲಸ ಇಲ್ಲಿಗೇ ನಿಲ್ಲಬಾರದು ಎಂಬುದು ನನ್ನ ಆಸೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರವೂ ಹೋಗುತ್ತದೆ. ಊರ ಲೈಬ್ರರಿ ನಮ್ಮ ದುಡ್ಡಿನದು. ಈಗ ಅರಿವು ಕೇಂದ್ರಗಳೆಂದು ಕರೆಯುವ ಪಂಚಾಯಿತಿ ಗ್ರಂಥಾಲಯಗಳನ್ನೂ ಇದೇ ರೀತಿ ಚಿತ್ರಿಸಬಹುದು. ಮೂರು ತಾಲ್ಲೂಕಿನ ಡಿಗ್ರಿ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದೇ ಕೋರಿಕೆ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಪೀರಿಯಡ್ ಬಿಡುವು ಮಾಡಿಕೊಂಡು ಈ ಫೋಟೋಗಳನ್ನು ತರಗತಿಯ ಗೋಡೆಯ ಮೇಲೆ ತೋರಿಸಿ. 894.814 ಎಂದು ಬೋರ್ಡಿನ ಮೇಲೆ ಬರೆದು, ಅದು ಯಾವುದರ ಸಂಖ್ಯೆ ಎಂದು ಮಕ್ಕಳನ್ನೇ ಕೇಳಿ. ಆಮೇಲೆ ಕೊನೆಯ ಫೋಟೋದ ಕೆಳಗಿನ ಆ ವಾಕ್ಯವನ್ನು ಒಬ್ಬೊಬ್ಬರಿಂದಲೂ ಬಾಯಿಬಿಟ್ಟು ಹೇಳಿಸಿ. ಶಂಕರಘಟ್ಟದಲ್ಲಿ ಬಸ್ಸಿಳಿದವರು ಫೋಟೋಗಳನ್ನೆಲ್ಲ ಮರೆತಿರಲಿ, ಚಿಂತೆಯಿಲ್ಲ. ಕೌಂಟರಿಗೆ ಹೋಗಿ ಆ ಮಾತನ್ನು ಕೇಳಿದರೆ ಸಾಕು, ಪುಸ್ತಕ ಅವರ ಕೈಗೆ ಬರುತ್ತದೆ.